ಕ್ಯಾರಿಯರ್ ಜೊತೆ ಕಳಿಸಿದ ಬೈಗುಳ

ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಉಳಿದವರಿಗೆಲ್ಲ ಒಂದೊಂದು ಕೆಲಸ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ಒಬ್ಬರು ಗಂಜಿ ಕಾಯಿಸುತ್ತಾರೆ, ಒಬ್ಬರು ಹಾಸಿಗೆ ಪಕ್ಕ ಕೂರುತ್ತಾರೆ, ಒಬ್ಬರು ಡಾಕ್ಟರ ಹಿಂದೆ ಓಡುತ್ತಾರೆ. ಏನೂ ಬಾರದವರು ಬಂದು, ‘ನಮ್ಮ ಕಡೆ ಒಬ್ಬರಿಗೆ ಹಿಂಗೇ ಆಗಿತ್ತು, ಪಾಪ’ ಅಂತ ಹೇಳಿ, ಆ ಒಬ್ಬರು ಆಮೇಲೆ ಏನಾದರು ಅನ್ನುವುದನ್ನು ಹೇಳದೆ ಕಿತ್ತಲೆಹಣ್ಣು ಇಟ್ಟು ಹೋಗುತ್ತಾರೆ. ಇವರೆಲ್ಲರಿಗೂ ಬೇಕಾದ ಒಂದು ವಿದ್ಯೆ ಸುಳ್ಳು ಹೇಳುವುದು. ಕಾಯಿಲೆಯವರ ಮುಖ ನೋಡಿ ‘ಇವತ್ತು ಪರವಾಗಿಲ್ಲ, ಕಳೆ ಬಂದಿದೆ’ ಅನ್ನಬೇಕು. ಅದು ನನಗೆ ಬರುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಅಷ್ಟರಲ್ಲಿ ಸುತ್ತಿ ಬಳಸಿ ಮಾತಾಡುವುದನ್ನು ಯಾರೂ ಹೇಳಿಕೊಡಲಿಲ್ಲ. ಅದನ್ನು ಮುಂದಿನ ಕ್ಲಾಸುಗಳಲ್ಲಿ ಹೇಳಿಕೊಡುತ್ತಾರೆ ಅಂತ ಕಾಣುತ್ತದೆ.

ನನ್ನ ಬಾಯಿ ಎಂಥದ್ದು ಅಂದರೆ, ಪಕ್ಕದ ಮನೆಯ ಬೈರಣ್ಣ ಹೊಸ ಮನೆ ಕಟ್ಟಿಸಿ ಒಕ್ಕಲು ಬಂದ ದಿನ ಊರೆಲ್ಲ ಹೋಳಿಗೆ ತಿಂದು ಹೊಗಳುತ್ತಿದ್ದರೆ, ನಾನು ನಡುಮನೆಯಲ್ಲಿ ನಿಂತು ‘ಬೈರಣ್ಣ, ಈ ಗೋಡೆ ವಾಲೈತೆ’ ಅಂದುಬಿಟ್ಟೆ. ಗೋಡೆ ವಾಲಿತ್ತು. ಇವತ್ತಿಗೂ ವಾಲಿದೆ. ಆದರೆ ಅವತ್ತಿನಿಂದ ಬೈರಣ್ಣನ ಹೆಂಡತಿ ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ನಮ್ಮವ್ವ ಆಗಲೇ ತೀರ್ಮಾನ ಮಾಡಿದ್ದಳು, ‘ನಂಜನ್ನ ಮದುವೆ ಮನೆಗೂ ಕರ್ಕೊಂಡೋಗ್ಬಾರ್ದು, ಕಾಯ್ಲೆ ಮನೆಗೂ ಕರ್ಕೊಂಡೋಗ್ಬಾರ್ದು’ ಅಂತ. ಹಾಗಾಗಿ ಅಪ್ಪ ರಕ್ತ ಕಾರಿಕೊಂಡು, ಮಾರ್ಕೆಟ್ಟಿನ ಹತ್ತಿರದ ದೊಡ್ಡಾಸ್ಪತ್ರೆಗೆ ಸೇರಿ, ಹೊಟ್ಟೆ ಹುಣ್ಣಿಗೆ ಅರ್ಧ ಹೊಟ್ಟೆ ತೆಗೆಯುವ ಆಪರೇಷನ್ ಆಗಲೇಬೇಕು ಅಂತ ಡಾಕ್ಟರು ಹೇಳಿದಾಗ ನನ್ನ ಪಾಲಿಗೆ ಬಂದ ಕೆಲಸ ಮನೆ ಕಾಯುವುದು. ಅವ್ವ ಸಿದ್ದಾಪುರದಲ್ಲಿ ಅಕ್ಕನ ಮನೆ ಸೇರಿಕೊಂಡಳು. ಅಲ್ಲಿಂದ ಆಸ್ಪತ್ರೆ ಹತ್ತಿರ. ಜರಗನಹಳ್ಳಿಯ ಮನೆಯಲ್ಲಿ ನಾನು, ಹೊಸದಾಗಿ ಕರು ಹಾಕಿದ ಹಸು, ಮತ್ತೆ ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಅಂದರೆ ಅಪ್ಪನ ಒಡಹುಟ್ಟಿದ ಅಣ್ಣ. ಹೆಂಡತಿ ಸತ್ತು ಬಹಳ ಕಾಲ ಆಗಿತ್ತು. ಮಕ್ಕಳಿರಲಿಲ್ಲ. ನಮ್ಮ ಜೊತೆಗೇ ಇದ್ದ. ಅವನಿಗೂ ಅಪ್ಪನಿಗೂ ದಿನಾ ಜಗಳ. ಹಸು ಮೇಯಿಸುವುದಕ್ಕೆ ಜಗಳ, ಬೀಡಿಗೆ ಜಗಳ, ಸಾರಿಗೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಅಂತ ಜಗಳ. ರಾತ್ರಿ ಇಬ್ಬರೂ ಜಗಲಿ ಮೇಲೆ ಪಕ್ಕ ಪಕ್ಕ ಚಾಪೆ ಹಾಕಿಕೊಂಡು ಮಲಗುವವರು. ಬೆಳಗ್ಗೆ ಎದ್ದು ‘ನಿನ್ನ ಗೊರಕೆಗೆ ಕಣ್ಣು ಮುಚ್ಚಲಿಲ್ಲ’ ಅಂತ ಒಬ್ಬರನ್ನೊಬ್ಬರು ಬೈಯುವವರು. ಆದರೆ ಒಬ್ಬರಾದರೂ ಚಾಪೆಯನ್ನು ಬೇರೆ ಮೂಲೆಗೆ ಎಳೆದುಕೊಂಡದ್ದನ್ನು ನಾನು ನೋಡಲಿಲ್ಲ. ದೊಡ್ಡಪ್ಪನ ಬಾಯಿ ನನಗಿಂತ ಕೆಟ್ಟದ್ದು. ಯಾರಿಗೂ ಒಂದು ಒಳ್ಳೆ ಮಾತು ಆಡಿದವನಲ್ಲ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟ ದಿನ ಕೂಡ, ಬಸ್ಸಿನ ಹತ್ತಿರ ನಿಂತು ‘ಓಗು, ಅರ್ಧ ಒಟ್ಟೆ ಕುಯ್ದಾಕ್ಲಿ. ಅರ್ಧ ಮುದ್ದೆ ಉಳೀತದೆ ಮನೇಲಿ’ ಅಂದ. ತಾನು ಬಸ್ಸು ಹತ್ತಲಿಲ್ಲ. ದೊಡ್ಡಪ್ಪ ಹುಟ್ಟಿದಾರಭ್ಯ ಬಸ್ಸು ಹತ್ತಿದವನಲ್ಲ. ಅದರ ವಾಸನೆಗೇ ವಾಂತಿ ಬರುತ್ತದೆ ಅನ್ನುತ್ತಿದ್ದ.

ಆಪರೇಷನ್ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದು, ಡಾಕ್ಟರು ಹೊರಗೆ ಬಂದು ‘ಆಯ್ತು, ಏನೂ ತೊಂದ್ರೆ ಇಲ್ಲ’ ಅಂದ ಕೂಡಲೇ ಸೈಕಲ್ ಹತ್ತಿದೆ. ಜರಗನಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ದೊಡ್ಡಪ್ಪ ಕೋಲು ಹಿಡಿದು ಜಗಲಿ ಮೇಲೆ ಕೂತಿದ್ದ. ಬೆಳಗ್ಗೆ ಇಟ್ಟು ಹೋಗಿದ್ದ ಮುದ್ದೆ ಹಾಗೇ ಇತ್ತು. ‘ಆಪರೇಷನ್ ಆಯ್ತು ದೊಡ್ಡಪ್ಪ, ಅಪ್ಪ ಉಳ್ಕೊಂಡ’ ಅಂದೆ. ‘ಉಳ್ಕೊಂಡ್ನಾ? ನನ್ ಪ್ರಾಣ ತಿನ್ನಾಕೆ ಇನ್ನೂ ಬತ್ತಾನೆ ಅನ್ನು’ ಅಂದ. ಆಮೇಲೆ ‘ನೀರು ಕೊಡು ಕಣ್ಲಾ’ ಅಂದ. ನಾನು ಒಳಗೆ ಹೋಗಿ ಚೊಂಬು ತರುವಷ್ಟರಲ್ಲಿ ದೊಡ್ಡಪ್ಪ ಗೋಡೆಗೆ ಒರಗಿದ್ದ. ನೀರು ಬೇಕಾಗಿರಲಿಲ್ಲ.

ಬೈರಣ್ಣನೇ ಓಡಿ ಬಂದ. ಗೋಡೆ ವಿಷಯ ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಕ್ಕನ ಮನೆಗೆ ಆಳು ಕಳಿಸಿದೆವು. ಮಾರನೇ ದಿನ ಬೆಳಗ್ಗೆ ಅವ್ವ, ಅಕ್ಕ ಬಂದರು. ಬಂದು ಮಣ್ಣು ಹಾಕಿದರು. ಅಳುವುದಕ್ಕೆ ಬಾಯಿ ತೆರೆದ ಅವ್ವ ಹಾಗೇ ನಿಲ್ಲಿಸಿದಳು. ಸಾಯಂಕಾಲ ಆಸ್ಪತ್ರೆಗೆ ಹೋಗಬೇಕು. ಅತ್ತ ಮುಖ ತೆಗೆದುಕೊಂಡು ಹೋದರೆ ಅಪ್ಪನಿಗೆ ಗೊತ್ತಾಗುತ್ತದೆ. ಡಾಕ್ಟರು ಮೊದಲೇ ಹೇಳಿದ್ದರು, ಹೊಲಿಗೆ ಗಟ್ಟಿಯಾಗುವವರೆಗೆ ರೋಗಿ ಜೋರಾಗಿ ನಗಬಾರದು, ಅಳಬಾರದು, ಮನಸ್ಸಿಗೆ ಪೆಟ್ಟಾಗುವಂಥ ಸುದ್ದಿ ಹೇಳಲೇಬಾರದು ಅಂತ. ಅವ್ವ ಬಚ್ಚಲಲ್ಲಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಅಕ್ಕನ ಜೊತೆ ಬಸ್ಸು ಹತ್ತಿದಳು. ಹೋಗುವಾಗ ‘ನಂಜ, ಹೇಳಾಕಿಲ್ಲ ಅಂತ ನನ್ಮೇಲೆ ಆಣೆ ಇಡು’ ಅಂದಳು. ಇಟ್ಟೆ. ಹಾಲು ತುಪ್ಪ ಬಿಡುವ ದಿನ ಹುಣಸೆಮರದ ಕೆಳಗೆ ನನ್ನನ್ನು ಕೂರಿಸಿ ತಲೆ ಬೋಳಿಸಿದರು. ಮಕ್ಕಳಿಲ್ಲದವನಿಗೆ ತಮ್ಮನ ಮಗನೇ ಮಗ. ಮೀಸೆಯೂ ಹೋಯಿತು. ತಿಥಿಯನ್ನು ಸಣ್ಣದಾಗಿ ಮುಗಿಸಿದೆವು. ಮನೆಯ ಯಜಮಾನನಿಗೆ ತಿಳಿಸದೆ ಮಾಡುವ ತಿಥಿ ಎಷ್ಟು ದೊಡ್ಡದಾಗಿ ಮಾಡಲು ಆಗುತ್ತದೆ?

ಆ ತಲೆಗೂದಲಿನ ಬಗ್ಗೆ ಒಂದು ಮಾತು ಹೇಳಬೇಕು. ಚೆನ್ನಾಗಿತ್ತು. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದರೆ ಸೈಕಲ್ ತುಳಿದುಕೊಂಡು ಬನಶಂಕರಿ ಗುಡಿ ದಾಟುವವರೆಗೂ ಅಲ್ಲಾಡುತ್ತಿರಲಿಲ್ಲ. ನನಗಿದ್ದ ಶೋಕಿ ಅದೊಂದೇ. ಅದು ಹೋದ ಮೇಲೆ ಗೊತ್ತಾಯಿತು, ಬೋಳುತಲೆ ನನ್ನ ಬಾಯಿಗಿಂತ ಜೋರು ಅಂತ. ನಾನು ಸುಮ್ಮನಿದ್ದರೂ ಅದು ಎದುರು ಬಂದವರಿಗೆಲ್ಲ ‘ಇವರ ಮನೆಯಲ್ಲಿ ಸಾವಾಗಿದೆ’ ಅಂತ ಹೇಳುತ್ತಿತ್ತು. ಅವ್ವ ಸ್ಪಷ್ಟವಾಗಿ ಅಪ್ಪಣೆ ಕೊಟ್ಟಳು. ಕೂದಲು ಬರುವವರೆಗೆ ನಾನು ಅಪ್ಪನ ಕಣ್ಣಿಗೆ ಬೀಳಬಾರದು.

ಆದರೆ ಹೋಗದೆ ಗತಿಯಿರಲಿಲ್ಲ. ಆಸ್ಪತ್ರೆಯ ಹಾಲು ನೀರು ಅಂತ ಅಪ್ಪ ಮುಖ ತಿರುಗಿಸಿದ್ದ. ನಮ್ಮ ಹಸುವಿನ ಹಾಲೇ ಬೇಕು, ನಮ್ಮ ಹೊಲದ ರಾಗಿಯ ಗಂಜಿಯೇ ಬೇಕು. ಹಾಗಾಗಿ ದಿನಾ ನಾನೇ ಹಾಲು ಕರೆದು, ನಾನೇ ಗಂಜಿ ಕಾಯಿಸಿ, ಕ್ಯಾರಿಯರಿಗೆ ತುಂಬಿ, ತಲೆಗೆ ಟವಲ್ ಸುತ್ತಿಕೊಂಡು ಸೈಕಲ್ ತುಳಿಯುತ್ತಿದ್ದೆ. ಜಯನಗರದ ಕಡೆ ಆಗಿನ್ನೂ ಸೈಟುಗಳಿಗೆ ಕಲ್ಲು ನೆಟ್ಟಿದ್ದರು. ಮನೆಗಿಂತ ಕಲ್ಲೇ ಜಾಸ್ತಿ. ಆ ಬಯಲಲ್ಲಿ ಬೀಸುವ ಗಾಳಿಗೆ ಟವಲ್ ಒಂದು ದಿನವೂ ತಲೆ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆ ಗೇಟಿನ ಹತ್ತಿರ ಒಂದು ಮರದ ಕೆಳಗೆ ನಿಂತು ಅವ್ವನಿಗೆ ಕಾಯಬೇಕಿತ್ತು. ಅಲ್ಲಿ ನನ್ನ ಹಾಗೆ ಕ್ಯಾರಿಯರ್ ಹಿಡಿದು ಕಾಯುವವರು ಬಹಳ ಜನ. ಅವರವರು ಮಾತಾಡಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲಿಸಿ ಜಾಗ ಬಿಡುತ್ತಿದ್ದರು. ಒಬ್ಬ ನನ್ನ ತಲೆ ನೋಡಿ ‘ಅಯ್ಯೋ, ಓಗ್ಬುಟ್ರಾ?’ ಅಂದ. ‘ಇಲ್ಲ, ಗಂಜಿ ಕುಡೀತಾವ್ರೆ’ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ದೂರ ಸರಿದು ನಿಂತ. ಗೇಟಿನವನಂತೂ ಮೊದಲ ದಿನವೇ ಬಂದು ಮೆಲ್ಲಗೆ ಹೇಳಿದ, ‘ಬಾಡಿ ಹಿಂದಿನ್ ಗೇಟಲ್ಲಿ ಕೊಡ್ತಾರೆ, ಆ ಕಡೆ ಹೋಗಪ್ಪ.’

ಅವ್ವ ಹೊರಗೆ ಬಂದು ಕ್ಯಾರಿಯರ್ ಇಸಿದುಕೊಳ್ಳುವಳು. ಗಂಜಿ ಗಂಟು ಗಂಟಾಗಿದೆ ಅಂತ ನರ್ಸಮ್ಮ ಬೈದದ್ದು ಹೇಳುವಳು. ಆಮೇಲೆ ನಿಜವಾದ ತೊಂದರೆ ಶುರುವಾಯಿತು. ಮೂಗಿನ ಟ್ಯೂಬು ತೆಗೆದು ಬಾಯಿ ಬಂದ ಕೂಡಲೇ ಅಪ್ಪ ಅಣ್ಣನಿಗೆ ಪ್ರಶ್ನೆ ಕಳಿಸಲು ಶುರುಮಾಡಿದ್ದ. ಅಣ್ಣ ಬಸ್ಸು ಹತ್ತುವುದಿಲ್ಲ ಅಂತ ಅವನಿಗೆ ಗೊತ್ತು, ಹಾಗಾಗಿ ಬಾ ಅನ್ನಲಿಲ್ಲ. ಆದರೆ ಜಗಳ ನಿಲ್ಲಿಸಿ ಬಹಳ ದಿನ ಆಗಿತ್ತಲ್ಲ. ‘ಕರೂಗೆ ಆಲು ಬಿಡ್ತಾವ್ನಾ, ಇಲ್ಲ ಎಲ್ಲಾ ತಾನೇ ಕುಡೀತಾವ್ನಾ ಕೇಳು’ ಅಂತ ಅವ್ವನ ಕೈಲಿ ಹೇಳಿ ಕಳಿಸಿದ. ಅವ್ವ ಮರದ ಕೆಳಗೆ ನಿಂತು ನನ್ನ ಮುಖ ನೋಡಿದಳು. ‘ಏನಂತ ಹೇಳ್ಳೋ ನಂಜ? ನಂಗೆ ನಿಮ್ ದೊಡ್ಡಪ್ಪನಂಗೆ ಮಾತಾಡಕ್ ಬರಲ್ಲ’ ಅಂದಳು.

ನನಗೆ ಬರುತ್ತಿತ್ತು. ಹುಟ್ಟಿದಾಗಿನಿಂದ ಆ ಬೈಗುಳ ಕೇಳಿಕೊಂಡೇ ಬೆಳೆದವನು. ‘ಅವನ ಅರ್ಧ ಒಟ್ಟೆ ಅವನು ನೋಡ್ಕೊಳ್ಳಿ, ಕರೂನ ಒಟ್ಟೆ ನಾನ್ ನೋಡ್ಕೋತೀನಿ ಅಂದ ಅಂತ ಹೇಳು’ ಅಂದೆ. ಅವ್ವ ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಮೆಟ್ಟಿಲು ಹತ್ತಿದಳು. ಮಾರನೇ ದಿನ ಬಂದು ಹೇಳಿದಳು, ಅಪ್ಪನಿಗೆ ನಗು ಬಂದು ಹೊಲಿಗೆ ಎಳೆದು ನೋವಾಯಿತಂತೆ. ನರ್ಸಮ್ಮ ಒಂದು ದಿಂಬು ಕೊಟ್ಟು, ಕೆಮ್ಮು ಬಂದರೂ ನಗು ಬಂದರೂ ಇದನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ ಅಂತ ಹೇಳಿಕೊಟ್ಟಳಂತೆ. ಅವತ್ತು ಗಂಜಿ ಪೂರ್ತಿ ಕುಡಿದನಂತೆ. ಅಲ್ಲಿಂದ ದಿನಾ ಇದೇ ಆಯಿತು. ಒಳಗಿನಿಂದ ಖಾಲಿ ಕ್ಯಾರಿಯರ್ ಜೊತೆ ಒಂದು ಪ್ರಶ್ನೆ ಬರುವುದು, ಹೊರಗಿನಿಂದ ತುಂಬಿದ ಕ್ಯಾರಿಯರ್ ಜೊತೆ ಒಂದು ಬೈಗುಳ ಹೋಗುವುದು. ರಾಗಿ ಕೊಯ್ಲು ಆಯಿತಾ ಅಂತ ಕೇಳಿದರೆ, ‘ಆಯ್ತು, ನೀನಿಲ್ದಿದ್ದಕ್ಕೆ ಬಿರ್ನೆ ಆಯ್ತು.’ ರಾತ್ರಿ ನಿದ್ದೆ ಬರುತ್ತದಾ ಅಂತ ಕೇಳಿದರೆ, ‘ಗೊರಕೆ ಇಲ್ದೆ ಈಗ್ಲೇ ಕಣಪ್ಪ ಬತ್ತಾ ಇರೋದು.’ ಸೈಕಲ್ ತುಳಿಯುತ್ತಾ ನಾಳೆಯ ಬೈಗುಳ ಯೋಚನೆ ಮಾಡಿಕೊಳ್ಳುತ್ತಿದ್ದೆ. ಒಳ್ಳೆಯದು ಹೊಳೆದರೆ ಒಬ್ಬನೇ ನಗುತ್ತಿದ್ದೆ. ಬೋಳುತಲೆಯವನು ಕ್ಯಾರಿಯರ್ ನೇತುಹಾಕಿಕೊಂಡು ನಗುತ್ತಾ ಹೋಗುವುದನ್ನು ನೋಡಿ ಯಡಿಯೂರಿನ ಹತ್ತಿರ ಒಬ್ಬ ಅಜ್ಜಿ ಮೊಮ್ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಸುಳ್ಳು ಹೇಳಲು ಬಾರದ ನಾನು ಇಷ್ಟು ಚೆನ್ನಾಗಿ ಹೇಗೆ ಹೇಳಿದೆ ಅಂದರೆ, ಅದು ನನಗೆ ಸುಳ್ಳು ಅನ್ನಿಸುತ್ತಿರಲಿಲ್ಲ. ದೊಡ್ಡಪ್ಪ ಇದ್ದಿದ್ದರೆ ಅದನ್ನೇ ಅನ್ನುತ್ತಿದ್ದ. ಹಗಲು ಹೀಗೆ ಕಳೆಯುತ್ತಿತ್ತು. ಸಾಯಂಕಾಲವೇ ಕಷ್ಟ. ಹಸು ಕಟ್ಟಿ, ಒಲೆ ಹಚ್ಚಿ, ಒಂದು ಮುದ್ದೆ ಮಾಡಬೇಕು. ಒಂದೇ ಮುದ್ದೆ ಮಾಡುವ ಅಂದಾಜು ನಮ್ಮ ಮನೆಯ ಪಾತ್ರೆಗಳಿಗೇ ಇರಲಿಲ್ಲ. ಎಷ್ಟು ಕಡಿಮೆ ಹಿಟ್ಟು ಹಾಕಿದರೂ ಒಂದು ಉಳಿಯುತ್ತಿತ್ತು. ಅದನ್ನು ಹಸುವಿಗೆ ಹಾಕುತ್ತಿದ್ದೆ. ಹಸು ಮೂಸಿ ನೋಡಿ ನನ್ನ ಅಡುಗೆ ಬಗ್ಗೆ ಅಭಿಪ್ರಾಯ ಹೇಳುತ್ತಿತ್ತು. ಜಗಲಿ ಮೇಲೆ ಎರಡು ಚಾಪೆ ಸುತ್ತಿ ನಿಲ್ಲಿಸಿತ್ತು. ದೊಡ್ಡಪ್ಪನ ಕೋಲು ಗೋಡೆಗೆ ಒರಗಿತ್ತು. ಸೂತಕದ ಮನೆ ಅಂತ ಮೊದಲು ಬಂದು ಹೋದ ಜನ ಆಮೇಲೆ ಬರಲಿಲ್ಲ. ನನ್ನ ಹತ್ತಿರ ಮಾತಿಗೆ ಕೂತರೆ ನಾನು ಏನಾದರೂ ಅಂದುಬಿಡುತ್ತೇನೆ ಅಂತ ಅವರಿಗೆ ಭಯ. ಅವ್ವನಿಗೆ ಅಳಲು ಹೊತ್ತಿಲ್ಲ, ಅಕ್ಕನಿಗೆ ಗಂಡನ ಮನೆ. ಅಪ್ಪನಿಗೆ ಗೊತ್ತೇ ಇಲ್ಲ. ಒಬ್ಬ ಮನುಷ್ಯ ಅಷ್ಟು ವರ್ಷ ಬದುಕಿ, ಅಷ್ಟು ಬೈದು ಸತ್ತಿದ್ದಾನೆ, ಅವನಿಗಾಗಿ ಕೂತು ಒಂದು ಮಾತಾಡುವವರಿಲ್ಲ. ನಾನು ಕರುವಿಗೆ ಹೇಳಿದೆ. ಅದು ಕೇಳಿತು.

ಆಮೇಲೊಂದು ದಿನ ಅವ್ವ ಖಾಲಿ ಕ್ಯಾರಿಯರ್ ಕೊಡುತ್ತಾ, ‘ಮನೇಲಿ ಎಂಗೈತೆ ಅಂತ ಅಣ್ಣನ್ನ ಕೇಳು ಅಂದ್ರು’ ಅಂದಳು. ನಾನು ಬೈಗುಳ ಹುಡುಕಿದೆ. ಅವತ್ತು ಒಂದೂ ಸಿಗಲಿಲ್ಲ. ‘ಮನೆ ಬಿಕೋ ಅಂತೈತೆ. ಉಸಾರಾಗಿ ಬಿರ್ನೆ ಬಾ ಅಂದ ಅಂತ ಹೇಳು’ ಅಂದೆ. ಅವ್ವ ಏನೂ ಯೋಚನೆ ಮಾಡದೆ ಒಳಗೆ ಹೋದಳು. ನಾನೂ ಯೋಚನೆ ಮಾಡದೆ ಸೈಕಲ್ ಹತ್ತಿದೆ.

ಮಾರನೇ ದಿನ ಅವ್ವ ಓಡುತ್ತಾ ಬಂದಳು. ಕ್ಯಾರಿಯರ್ ತುಂಬಿದ್ದದ್ದು ತುಂಬಿದ ಹಾಗೇ ಇತ್ತು. ಆ ಮಾತು ಕೇಳಿದ ಮೇಲೆ ಅಪ್ಪ ‘ಅಣ್ಣ ಅಂಗಂದ್ನಾ?’ ಅಂತ ಒಂದು ಸಲ ಕೇಳಿ, ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾನೆ. ಗಂಜಿ ಬೇಡ, ಹಾಲು ಬೇಡ. ‘ನಂಜನ್ನ ಕರ್ಕೊಂಡ್ ಬಾ. ಅವನು ಬಂದ್ರೆ ಕುಡೀತೀನಿ. ಆಪರೇಸನ್ ಆದಾಗ್ಲಿಂದ ಅವನ ಮುಖ ನೋಡಿಲ್ಲ. ಮನೇಲಿ ಏನೋ ಆಗೈತೆ’ ಅನ್ನುತ್ತಿದ್ದಾನೆ. ಕೊಯ್ಲು, ಹಸು, ಜ್ವರ ಅಂತ ಅವ್ವನ ಹತ್ತಿರ ಇದ್ದ ನೆಪ ಎಲ್ಲ ಖರ್ಚಾಗಿತ್ತು. ಡಾಕ್ಟರು ಬಂದು, ಈ ಹೊತ್ತಿನಲ್ಲಿ ಊಟ ಬಿಟ್ಟರೆ ಗಾಯ ಕೂಡುವುದಿಲ್ಲ, ಮಾಡಿದ್ದೆಲ್ಲ ವ್ಯರ್ಥ ಅಂತ ಅವ್ವನಿಗೇ ಗದರಿದ್ದರು. ಹೋದರೆ ತಲೆ ಹೇಳಿಬಿಡುತ್ತದೆ, ಹೋಗದಿದ್ದರೆ ಅಪ್ಪ ತಿನ್ನುವುದಿಲ್ಲ.

ಉಪಾಯ ಕಂಡುಹಿಡಿದವಳು ಅಕ್ಕ. ‘ಬೋಳ್ತಲೆ ಸಾವಿಗೆ ಮಾತ್ರ ಮಾಡ್ತಾರೇನವ್ವ? ಅಪ್ಪಂಗೆ ವಾಸಿಯಾಗ್ಲಿ ಅಂತ ತಿರುಪ್ತಿಗೆ ಹರಕೆ ಹೊತ್ಕೊಂಡಿದ್ದ, ಹೋಗಿ ಮುಡಿ ಕೊಟ್ಟು ನಿನ್ನೆ ಬಂದ ಅನ್ನಾನ’ ಅಂದಳು. ಅವ್ವ ಕಿವಿ ಮುಚ್ಚಿಕೊಂಡಳು. ಸಾವಾದ ಮನೆಯವರು ಬೆಟ್ಟದ ದೇವರ ಹೆಸರೆತ್ತಬಾರದು, ಅದರಲ್ಲೂ ಸುಳ್ಳಿಗೆ. ಆದರೆ ಬೇರೆ ದಾರಿಯಿರಲಿಲ್ಲ. ಕೊನೆಗೆ ಆಸ್ಪತ್ರೆ ಮರದ ಕೆಳಗೆ ನಿಂತು ಪೂರ್ವಕ್ಕೆ ಕೈ ಮುಗಿದು, ‘ತಿಮ್ಮಪ್ಪ, ಈಗ ಸಾಲ ಕೊಡು, ಆಮೇಲೆ ನಿಜ್ವಾಗ್ಲೂ ತಂದು ಒಪ್ಪಿಸ್ತೀವಿ’ ಅಂತ ಹೇಳಿಕೊಂಡಳು. ಏನು ಒಪ್ಪಿಸುತ್ತೀವಿ ಅಂತ ನಾನು ಆಗ ಕೇಳಬೇಕಿತ್ತು. ಕೇಳಲಿಲ್ಲ. ಅಕ್ಕ ಮನೆಯಲ್ಲಿ ಲಾಡು ಕಟ್ಟಿದಳು. ತಿರುಪತಿಯದ್ದು ಅಂತ ಕಾಣಲಿ ಅಂತ ಪಚ್ಚಕರ್ಪೂರ ಹಾಕಿದಳು. ಎಷ್ಟು ಹಾಕಿದಳು ಅಂದರೆ ಪೊಟ್ಟಣ ಬಿಚ್ಚಿದರೆ ಗುಡಿ ಬಾಗಿಲು ತೆರೆದ ಹಾಗಾಗುತ್ತಿತ್ತು. ನನಗೆ ಪಾಠ ಆಯಿತು. ‘ನೀನೇನೂ ಮಾತಾಡ್ಬೇಡ. ಕೇಳಿದ್ದಕ್ಕೆಲ್ಲ ಹೂಂ ಅನ್ನು. ಬಾಯಿ ಬಿಟ್ರೆ ಅಪ್ಪನ್ನ ನೀನೇ ಕೊಂದಂಗೆ’ ಅಂದಳು ಅಕ್ಕ.

ವಾರ್ಡಿನಲ್ಲಿ ಅಪ್ಪನ ಗುರುತು ನನಗೆ ತಕ್ಷಣ ಸಿಗಲಿಲ್ಲ. ಅರ್ಧ ಹೊಟ್ಟೆ ತೆಗೆಯುತ್ತೇವೆ ಅಂದವರು ಅರ್ಧ ಮನುಷ್ಯನನ್ನೇ ತೆಗೆದ ಹಾಗಿತ್ತು. ನನ್ನನ್ನು ನೋಡಿ ಅವನ ಮುಖದ ಮೇಲೆ ಏನೋ ಬಂದು ಹೋಯಿತು. ‘ಬಂದ್ಯೇನ್ಲಾ. ಬದುಕಿದ್ದೀಯಾ?’ ಅಂದ. ‘ಹೂಂ’ ಅಂದೆ. ಅವ್ವ ಒಂದೇ ಉಸಿರಿಗೆ ಹರಕೆ, ಬೆಟ್ಟ, ಮುಡಿ, ದರ್ಶನ ಎಲ್ಲ ಹೇಳಿ ಮುಗಿಸಿದಳು. ಹೋಗಿ ಬಂದ ನನಗಿಂತ ಹೋಗದ ಅವ್ವನಿಗೇ ಚೆನ್ನಾಗಿ ಗೊತ್ತಿತ್ತು. ಅಂದರೆ ನಾನೂ ಹೋಗಿರಲಿಲ್ಲ, ಆದರೂ. ಅಪ್ಪ ಲಾಡು ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗೆ ಹಾಕಿಕೊಂಡ. ಅಕ್ಕನ ಕಡೆ ಒಮ್ಮೆ ನೋಡಿದ. ಆಮೇಲೆ ‘ಗಂಜಿ ತಣ್ಣಗಾಗೈತೆ, ಇಬ್ರೂ ಓಗಿ ಬಿಸಿ ಮಾಡಿಸ್ಕೊಂಡ್ ಬನ್ನಿ’ ಅಂದ. ಗಂಜಿ ಕುಡಿಯುತ್ತಾನಲ್ಲ ಅಂತ ಅವ್ವ, ಅಕ್ಕ ಇಬ್ಬರೂ ಸಂತೋಷದಿಂದ ಓಡಿದರು.

‘ಬಗ್ಗು’ ಅಂದ ಅಪ್ಪ. ಬಗ್ಗಿದೆ. ತಲೆ ಮೇಲೆ ಕೈ ಆಡಿಸಿದ. ‘ಯಾವಾಗ ಕೊಟ್ಟೆ ಮುಡಿ?’

‘ನಿನ್ನೆ.’

‘ನಿನ್ನೆ ಕುಯ್ದಿರೋ ಒಲ ಇಂಗಿರಾಕಿಲ್ಲ ಕಣ್ಲಾ. ಇದಾಗ್ಲೇ ಮೊಳ್ತು ಮೇಲೆದ್ದೈತೆ. ಕೈಗೆ ಚುಚ್ತೈತೆ.’ ಕೈ ತೆಗೆಯಲಿಲ್ಲ. ‘ನನ್ ಆಪರೇಸನ್ ಆದಾಗ್ಲಿನ ಕೂದ್ಲು ಇದು.’

ಅಕ್ಕ ಇಂಥ ಪ್ರಶ್ನೆಗೆ ಪಾಠ ಮಾಡಿರಲಿಲ್ಲ. ಮೂರು ಜನ ಸೇರಿ ಪಚ್ಚಕರ್ಪೂರದವರೆಗೂ ಯೋಚನೆ ಮಾಡಿದವರು, ಹೊಸದಾಗಿ ಕ್ಷೌರ ಮಾಡಿಸಿಕೊಂಡು ಹೋಗಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

‘ಅಣ್ಣನ್ನ ಎಲ್ಲಿ ಮಡಗಿದ್ರಿ?’ ಅಂದ ಅಪ್ಪ.

ನೇರವಾಗಿ ಕೇಳಿದರೆ ನನ್ನ ಬಾಯಿ ನೇರವಾಗಿಯೇ ಹೇಳುತ್ತದೆ. ‘ಹುಣಸೆಮರದ ಹತ್ರ. ದೊಡ್ಡವ್ವನ ಪಕ್ಕ.’

‘ನೋವು ತಿಂದ್ನಾ?’

‘ಇಲ್ಲ. ನೀನು ಉಳ್ಕೊಂಡೆ ಅಂತ ಹೇಳ್ದೆ. ಕೇಳ್ಬುಟ್ಟು, ನೀರು ಕೊಡು ಅಂದ. ತರೋದ್ರೊಳಗೆ ಓದ.’

‘ಏನಂದ ಕೇಳ್ಬುಟ್ಟು?’

‘ನನ್ ಪ್ರಾಣ ತಿನ್ನಾಕೆ ಇನ್ನೂ ಬತ್ತಾನೆ ಅನ್ನು ಅಂದ.’

ಅಪ್ಪ ಪಕ್ಕದಲ್ಲಿದ್ದ ದಿಂಬು ತೆಗೆದುಕೊಂಡು ಹೊಟ್ಟೆಗೆ ಒತ್ತಿ ಹಿಡಿದುಕೊಂಡ. ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು, ಅಲ್ಲಾಡುತ್ತಾ ಅತ್ತ. ನಾನು ಮಂಚದ ಕಬ್ಬಿಣ ಹಿಡಿದುಕೊಂಡು ನಿಂತಿದ್ದೆ. ನನಗೆ ದಿಂಬಿರಲಿಲ್ಲ. ಆ ಹೊತ್ತಿಗೆ ನರ್ಸಮ್ಮ ಆ ಕಡೆ ಬಂದಳು. ‘ಏನು ಯಜಮಾನ್ರೆ, ಕೆಮ್ಮಾ?’ ಅಂದಳು. ಅಪ್ಪ ‘ಹೂಂ ಕಣಮ್ಮ’ ಅಂದ. ‘ಒಳ್ಳೇದು, ಒಳ್ಳೇದು. ಹಾಗೇ ಒತ್ತಿ ಹಿಡ್ಕೊಂಡು ಚೆನ್ನಾಗಿ ಕೆಮ್ಮಿ. ಒಳಗಿರೋದೆಲ್ಲ ಬಂದ್ಬಿಡ್ಬೇಕು’ ಅಂತ ಹೇಳಿ ನನ್ನ ಕಡೆ ತಿರುಗಿ, ‘ನಿನಗೂ ಹಿಡ್ಕೊಂಡಿದೆಯೇನಪ್ಪ? ಕರ್ಚೀಫ್ ಇಟ್ಕೋ ಬಾಯಿಗೆ, ವಾರ್ಡಿಗೆಲ್ಲ ಹರಡ್ತೀಯ’ ಅಂದಳು. ದೊಡ್ಡಪ್ಪ ಸತ್ತ ಮೇಲೆ ಅವನಿಗಾಗಿ ಇಬ್ಬರು ಒಟ್ಟಿಗೆ ಅತ್ತದ್ದು ಅವತ್ತು ಮೊದಲು. ಅದು ಆಸ್ಪತ್ರೆಯ ಲೆಕ್ಕದಲ್ಲಿ ಕೆಮ್ಮಿಗೆ ಹೋಯಿತು.

ಅವ್ವನ ಹೆಜ್ಜೆ ಸದ್ದು ಕೇಳಿ ಅಪ್ಪ ಮುಖ ಒರೆಸಿಕೊಂಡ. ‘ನಿಮ್ಮವ್ವಂಗೆ ಏಳ್ಬೇಡ. ನಂಗೆ ಗೊತ್ತಾಯ್ತು ಅಂದ್ರೆ ಎದರ್ಕೋತಾಳೆ’ ಅಂದ. ಆಮೇಲೆ, ‘ಆ ಬೈಗ್ಳ ಎಲ್ಲ ಕಳಿಸ್ತಿದ್ದೋನು ನೀನಾ?’

‘ಹೂಂ.’

‘ಸಂದಾಗಿದ್ವು. ಕೊನೇದು ಮಾತ್ರ ಸುಳ್ಳು ಅಂತ ಗೊತ್ತಾಯ್ತು. ಅಣ್ಣ ಅಂಗೆ ಅನ್ನಾಕಿಲ್ಲ.’ ದಿಂಬು ಪಕ್ಕಕ್ಕೆ ಇಟ್ಟು, ‘ನಿಲ್ಲಿಸ್ಬೇಡ. ದಿನಾ ಕಳಿಸು’ ಅಂದ.

ಹಾಗಾಗಿ ದಿನಾ ಕಳಿಸಿದೆ. ಅವ್ವ ಪಾಪ, ಎರಡು ಕಡೆಯೂ ಗೊತ್ತಿರುವ ಸುಳ್ಳನ್ನು ನಡುವೆ ಹೊತ್ತು ಓಡಾಡಿದಳು. ಅಪ್ಪ ಪ್ರಶ್ನೆ ಕೇಳುತ್ತಿದ್ದ, ನಾನು ಬೈಯುತ್ತಿದ್ದೆ, ಅವನು ದಿಂಬು ಹಿಡಿದುಕೊಂಡು ಕೇಳಿಸಿಕೊಂಡು ಗಂಜಿ ಕುಡಿಯುತ್ತಿದ್ದ. ಗಾಯ ಕೂಡಿತು, ಹೊಲಿಗೆ ಬಿಚ್ಚಿದರು. ಡಾಕ್ಟರು ತಮ್ಮ ಔಷಧಿಯಿಂದ ಅಂದುಕೊಂಡರು. ಅವ್ವ ತಿಮ್ಮಪ್ಪನಿಂದ ಅಂದುಕೊಂಡಳು. ಅಕ್ಕ ಲಾಡಿನಿಂದ ಅಂತ ಇವತ್ತಿಗೂ ಹೇಳುತ್ತಾಳೆ.

ಬಿಡುಗಡೆಯಾದ ದಿನ ಬೈರಣ್ಣನ ಗಾಡಿ ಹೂಡಿಕೊಂಡು ಹೋಗಿ ಹುಲ್ಲು ಹಾಸಿ ಅಪ್ಪನನ್ನು ಕರೆತಂದೆವು. ದಾರಿಯುದ್ದಕ್ಕೂ ಅಪ್ಪ ಸೈಟುಕಲ್ಲು ನೋಡಿಕೊಂಡು ಬಂದ. ಮನೆ ಮುಟ್ಟಿ ಜಗಲಿ ಮೇಲೆ ಕೂರಿಸಿದ ಮೇಲೆ ಅವ್ವ ಅಕ್ಕನಿಗೂ ನನಗೂ ಕಣ್ಣು ಮಾಡಿದಳು. ಇವತ್ತು ಹೇಳಿಬಿಡಬೇಕು, ಇನ್ನು ಮುಚ್ಚಿಡಲು ಆಗುವುದಿಲ್ಲ ಅಂತ ಮೊದಲೇ ತೀರ್ಮಾನವಾಗಿತ್ತು. ‘ಅವ್ವ ಹೇಳ್ದಾಗ 'ಅಯ್ಯೋ' ಅನ್ನು, ಮರೀಬೇಡ’ ಅಂತ ನಾನು ಅಪ್ಪನಿಗೆ ಗಾಡಿಯಲ್ಲೇ ಹೇಳಿಟ್ಟಿದ್ದೆ. ಅವ್ವ ಸೆರಗು ಸರಿ ಮಾಡಿಕೊಂಡು ಎದುರಿಗೆ ಕೂತು, ‘ನಿಮ್ಗೊಂದ್ ವಿಸ್ಯ ಏಳ್ಬೇಕು’ ಅಂದಳು.

ಅವಳು ಮುಂದೆ ಹೇಳುವ ಮೊದಲೇ ಅಪ್ಪ ಕೈ ಚಾಚಿ, ಒರಗಲು ಬೆನ್ನಿಗಿಟ್ಟಿದ್ದ ದಿಂಬು ತೆಗೆದುಕೊಂಡು ಹೊಟ್ಟೆಗೆ ಒತ್ತಿ ಹಿಡಿದುಕೊಂಡ.

ಅವ್ವ ದಿಂಬು ನೋಡಿದಳು. ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಹಸುವಿನ ಕಡೆ ನೋಡಿದೆ. ‘ಗೊತ್ತಾ?’ ಅಂದಳು. ‘ಯಾವಾಗ್ಲಿಂದ ಗೊತ್ತು?’ ಅಂದಳು. ಗಲ್ಲಿಗೆ ಹಾಕುವಂಥ ದನಿಯಲ್ಲಿ ಶುರುಮಾಡಿದವಳು ಪೂರ್ತಿ ಮಾಡಲಿಲ್ಲ. ಮಣ್ಣು ಮಾಡಿದ ದಿನ ಅರ್ಧಕ್ಕೆ ನಿಲ್ಲಿಸಿದ್ದ ಅಳು ಅಲ್ಲಿಂದಲೇ ಮುಂದಕ್ಕೆ ಶುರುವಾಯಿತು. ಅಪ್ಪ ಹೊಟ್ಟೆ ಮೇಲಿದ್ದ ದಿಂಬು ತೆಗೆದು ಅವಳ ಕಡೆ ಚಾಚಿದ. ‘ತಗೋ, ಒತ್ತಿ ಇಡ್ಕೋ’ ಅಂದ. ಅವ್ವ ಇಸಿದುಕೊಂಡಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವ್ವ ಮರದ ಕೆಳಗೆ ತಿಮ್ಮಪ್ಪನ ಹತ್ತಿರ ಮಾಡಿದ ಸಾಲ ಹಾಗೇ ಇತ್ತು. ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟ ಹತ್ತಬಾರದು. ಅಷ್ಟರಲ್ಲಿ ನನ್ನ ಕೂದಲು ಮೊದಲಿಗಿಂತ ಚೆನ್ನಾಗಿ ಬಂತು. ವರ್ಷದ ಕಾರ್ಯ ಮುಗಿಯಿತು. ಅಕ್ಕ ಸುದ್ದಗುಂಟೆಪಾಳ್ಯದಲ್ಲಿ ಒಂದು ಹೆಣ್ಣು ನೋಡಿಟ್ಟಳು. ನೋಡಲು ಹೋಗುವ ದಿನವೂ ಗೊತ್ತಾಯಿತು. ಅದಕ್ಕೆ ಮೊದಲು ಅವ್ವ ‘ದೇವರ ಸಾಲ ಮಡಿಕ್ಕೊಂಡು ಮದುವೆ ಮಾತಾಡ್ಬಾರ್ದು’ ಅಂತ ಹಟ ಹಿಡಿದು ನಮ್ಮನ್ನು ಬೆಟ್ಟಕ್ಕೆ ಹೊರಡಿಸಿದಳು. ಹೋಗದೆಯೇ ಹೋಗಿ ಬಂದವನು ಎರಡನೇ ಸಲ ಮೊದಲನೇ ಸಲ ಹೋದೆ. ಅಪ್ಪನೂ ನನ್ನ ಪಕ್ಕ ಕೂತು ತಲೆ ಕೊಟ್ಟ. ‘ನಂದು ದೇವ್ರಿಗೂ ಆಯ್ತು, ಅಣ್ಣಂಗೂ ಆಯ್ತು’ ಅಂದ.

ಹೀಗೆ ಅಪ್ಪ ಮಗ ಇಬ್ಬರೂ ನುಣ್ಣಗೆ ಬೋಳಿಸಿಕೊಂಡು ಹೆಣ್ಣು ನೋಡಲು ಹೋದೆವು. ಹೆಣ್ಣಿನ ತಂದೆ ಕಾಫಿ ಕೊಟ್ಟು, ನನ್ನ ತಲೆ ನೋಡಿ, ಅಪ್ಪನ ತಲೆ ನೋಡಿ, ‘ಏನು, ಎಲ್ಲಿಗೆ ಹೋಗಿದ್ರಿ?’ ಅಂದರು. ‘ತಿರುಪ್ತಿಗೆ’ ಅಂದೆ. ಸುಳ್ಳಾಗಿದ್ದಾಗ ಹೂಂ ಅಂದಿದ್ದ ಮಾತು, ನಿಜವಾಗಿದ್ದಾಗ ಮುರಿದು ಮುರಿದು ಬಂತು. ಅವರು ನಂಬಲಿಲ್ಲ ಅಂತ ಎದುರಿಗೇ ಕಾಣುತ್ತಿತ್ತು. ಕುರ್ಚಿ ಹತ್ತಿರ ಎಳೆದುಕೊಂಡು, ದನಿ ಇಳಿಸಿ, ‘ಮುಚ್ಚುಮರೆ ಬೇಡ. ಮನೇಲಿ ಯಾರು ಹೋದ್ರು?’ ಅಂತ ಕೇಳಿದರು. ಒಂದು ವರ್ಷದ ಮೇಲೆ ಮೊದಲ ಸಲ ಹೊರಗಿನವರೊಬ್ಬರು ಅದನ್ನು ಕೇಳಿದ್ದು. ಅಪ್ಪ ಬಾಯಿ ತೆರೆಯುವುದರೊಳಗೆ ನಾನೇ ‘ನಮ್ ದೊಡ್ಡಪ್ಪ’ ಅಂದೆ. ಅಂದವನು ನಿಲ್ಲಿಸಲಿಲ್ಲ. ಕೋಲು, ಚಾಪೆ, ಗೊರಕೆ, ಬಸ್ಸಿನ ವಾಸನೆ, ನೀರಿನ ಚೊಂಬು, ಎಲ್ಲ ಹೇಳಿದೆ. ಹೆಣ್ಣು ಬಂದು, ತಟ್ಟೆ ಇಟ್ಟು, ನಿಂತು, ಒಳಗೆ ಹೋದಳಂತೆ. ನಾನು ನೋಡಲಿಲ್ಲ.

ಅವರು ಇನ್ನೂ ಉತ್ತರ ಕಳಿಸಿಲ್ಲ. ಅಕ್ಕ ದಿನಾ ಕಾಯುತ್ತಿದ್ದಾಳೆ. ಒಪ್ಪಿಗೆ ಇಲ್ಲದಿದ್ದರೆ ಬೇಡ, ಬೈದಾದರೂ ಒಂದು ಮಾತು ಕಳಿಸಬಹುದಿತ್ತು.